ತೋಳಿನಲ್ಲಿ ಇಷ್ಟಲಿಂಗ, ಎದುರಿಗೆ ಬಿಳಿ ಶಾರ್ಕ್

ಸಿಡ್ನಿಯ ರೌಸ್ ಹಿಲ್‌ನಲ್ಲಿರುವ ರುದ್ರಾಣಿ ಪಂಜರದೊಳಗೆ ನಿಂತು ಶಾರ್ಕ್ ನೋಡಲು ಸಮುದ್ರಕ್ಕೆ ಇಳಿಯುತ್ತಾರಂತೆ ಎಂಬ ಸುದ್ದಿ ಆಸ್ಟ್ರೇಲಿಯಾದ ನಮ್ಮ ಲಿಂಗಾಯತ ಸಮಾಜದ ವಾಟ್ಸ್ಆ್ಯಪ್ ಗುಂಪಿಗೆ ಬಿತ್ತು. ಶಾರ್ಕ್ ಅವರನ್ನು ತಿಂದೀತೆಂದು ಯಾರೂ ಹೆದರಲಿಲ್ಲ. ಎಲ್ಲರೂ ಹೆದರಿದ್ದು ಅವರ ಕೊರಳಲ್ಲಿರುವ ಇಷ್ಟಲಿಂಗಕ್ಕೆ ಮೈಲಿಗೆಯಾದೀತೆಂದು. ಹೆಂಗಸು ಹೋದರೆ ಹೋಗಲಿ, ಲಿಂಗ ಮಡಿಯಲ್ಲಿರಲಿ. ಬಸವ ಜಯಂತಿಯ ದಿನ ಇದೇ ಜನ ಮೈಕ್ ಹಿಡಿದು, ನಮ್ಮಲ್ಲಿ ಸೂತಕವಿಲ್ಲ, ಮೈಲಿಗೆಯಿಲ್ಲ ಎಂದು ಊಟದ ಹೊತ್ತು ಮೀರುವ ತನಕ ಭಾಷಣ ಮಾಡುತ್ತಾರೆ. ಹಸಿದ ಹೊಟ್ಟೆಯಲ್ಲಿ ಕೂತು ಕೇಳಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ರುದ್ರಾಣಿ ಧಾರವಾಡದವರು. ಚಿಕ್ಕವರಿದ್ದಾಗ ಅವ್ವನ ಜೊತೆ ಕೆಲಗೇರಿ ಕೆರೆಗೆ ಅರಿವೆ ಒಗೆಯಲು ಹೋದರೆ ಅಣ್ಣಂದಿರು ದಂಡೆಯಿಂದ ನೀರಿಗೆ ಹಾರುತ್ತಿದ್ದರು, ಇವರಿಗೆ ಮೊಣಕಾಲಿನವರೆಗೆ ಮಾತ್ರ ಅಪ್ಪಣೆ. ಹೆಣ್ಣುಮಕ್ಕಳು ಈಜಿದರೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಉತ್ತರವನ್ನು ಅವರೇ ಕಂಡುಕೊಂಡದ್ದು ನಲವತ್ತು ದಾಟಿದ ಮೇಲೆ, ಮನೆ ಹತ್ತಿರದ ಈಜುಕೊಳದಲ್ಲಿ, ಹಾಲುಹಲ್ಲಿನ ಮಕ್ಕಳ ಸಾಲಿನಲ್ಲಿ ನಿಂತು. ಏನೂ ಆಗಲಿಲ್ಲ. ಈಜು ಬಂತು, ಅಷ್ಟೇ. ಆಮೇಲೆ ಸಮುದ್ರಕ್ಕೂ ಇಳಿದರು. ಐವತ್ತು ತುಂಬುವ ವರ್ಷ ಬಿಳಿ ಶಾರ್ಕನ್ನು ಅದರ ಮನೆಯಲ್ಲೇ ನೋಡಬೇಕು ಎಂಬ ಆಸೆ ಹುಟ್ಟಿತು.

ಗಂಡ ವಿರುಪಾಕ್ಷ ಬೇಡವೆನ್ನಲಿಲ್ಲ. "ಹೋಗಿ ಬಾ. ನೀ ಜೋಳದ ರೊಟ್ಟಿ ತಿಂದ ಮೈ. ಅದು ಮೂಸಿ ನೋಡಿ ಮುಂದ ಹೋಗ್ತದ" ಎಂದರು.

ಅಡ್ಡ ಬಂದವರು ಪಂಚಾಕ್ಷರಯ್ಯನವರು. ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿದ್ದುಕೊಂಡು ನಮ್ಮ ಮನೆಗಳ ಪೂಜೆ, ಲಿಂಗದೀಕ್ಷೆ ಮಾಡಿಸುವ ಹಿರಿಯರು. ವರ್ಷಕ್ಕೊಮ್ಮೆ ಅಲ್ಲೇ ಸಮಾಜದ ಕೂಟ ನಡೆಯುತ್ತದೆ. ಅಲ್ಲಿ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿಕೊಂಡು ಲಿಂಗಪೂಜೆ ಕಲಿಸುವುದು ಮೊದಲಿನಿಂದಲೂ ರುದ್ರಾಣಿಯವರ ಕೆಲಸ. ಅಯ್ಯನವರು ಫೋನ್ ಮಾಡಿದರು.

"ತಂಗಿ, ಮೀನದ ರಕ್ತ ಚೆಲ್ಲಿದ ನೀರಾಗ ಲಿಂಗ ಒಯ್ಯಬ್ಯಾಡ. ದೇವರ ಮನ್ಯಾಗ ಇಟ್ಟು ಹೋಗು. ಇಲ್ಲಾಂದ್ರ ಹೋಗೂದ ಬಿಡು."

"ಅಯ್ಯಾರ, ಎಂಟನೇ ವರ್ಷಕ್ಕ ಕಟ್ಟಿಸಿಕೊಂಡದ್ದು. ಎರಡು ಹಡದೀನಿ, ಆಗೂ ಮೈ ಬಿಟ್ಟಿಲ್ಲ. ಮೈ ಬಿಟ್ಟಿರಬಾರದು ಅಂತ ಹೇಳವ್ರು ನೀವ, ಈಗ ತಗದಿಡು ಅನ್ನವ್ರೂ ನೀವ."

ಹಾಗಾದರೆ ಈ ಸಲ ಮಕ್ಕಳ ಚಾಪೆಯ ಮೇಲೆ ಬೇರೆಯವರು ಕೂರಲಿ ಎಂದು ಹೇಳಿ ಅಯ್ಯನವರು ಫೋನ್ ಇಟ್ಟರು. ಅದೇ ಮಾತನ್ನು ಗುಂಪಿನಲ್ಲೂ ಹಾಕಿದರು, ಕೈಮುಗಿದ ಚಿತ್ರಗಳ ಸುರಿಮಳೆಯಾಯಿತು.

ಕೈಮುಗಿದವರ ಕಥೆಯನ್ನೂ ಹೇಳಿಬಿಡುತ್ತೇನೆ. ಅವರಲ್ಲಿ ಎಷ್ಟೋ ಜನರ ಕೊರಳು ಬರಿದು. ದೇಶ ಬಿಡುವ ದಿನ ಏರ್‌ಪೋರ್ಟಿನಲ್ಲಿ ಬೀಪ್ ಸದ್ದಾಯಿತೆಂದು ಲಿಂಗವನ್ನು ಅದನ್ನಿಡುವ ಬೆಳ್ಳಿಯ ಕರಡಿಗೆ ಸಮೇತ ಬಿಚ್ಚಿ, ಬೆಲ್ಟು ಬೂಟಿನ ಟ್ರೇಯಲ್ಲಿ ಇಟ್ಟವರು. ಆ ಕಡೆಯಿಂದ ಟ್ರೇ ಬಂದಾಗ ಬೆಲ್ಟು ಕಟ್ಟಿಕೊಂಡರು, ಬೂಟು ಹಾಕಿಕೊಂಡರು. ಲಿಂಗ ಕೈಚೀಲಕ್ಕೆ ಹೋಯಿತು, ಅಲ್ಲಿಂದ ಕಪಾಟಿಗೆ. ಕಪಾಟಿನಲ್ಲಿಟ್ಟರೆ ಮಡಿ, ಹೆಂಗಸಿನ ಮೈಮೇಲೆ ಸಮುದ್ರಕ್ಕೆ ಹೋದರೆ ಮೈಲಿಗೆ. ಎಂಥ ನ್ಯಾಯ ಇದು?

ರಕ್ತದ ಮಾತಿಗೂ ಒಂದು ಉತ್ತರವಿತ್ತು. ಅಯ್ಯನವರು ಕೇಳಲಿಲ್ಲ, ರುದ್ರಾಣಿ ಹೇಳಲಿಲ್ಲ. ಕೆಲವು ದೋಣಿಗಳು ಮೀನಿನ ಚೂರು, ರಕ್ತ ಚೆಲ್ಲಿ ಶಾರ್ಕನ್ನು ಕರೆಯುತ್ತವೆ. ನನ್ನ ಮೋಜಿಗಾಗಿ ಮೀನು ಕಡಿಯುವುದು ಬೇಡ ಎಂದು ರುದ್ರಾಣಿ ಹುಡುಕಿ ಬುಕ್ ಮಾಡಿದ್ದು ನೀರಿನೊಳಗೆ ಸಂಗೀತ ಹಾಕಿ ಕರೆಯುವ ದೋಣಿಯನ್ನು. ಕಾಡುಜೀವಿಯನ್ನು ಹೀಗೆ ಕರೆದು ನೋಡುವುದೇ ಸರಿಯಲ್ಲ ಎಂದು ನಾನು ಅವರೊಂದಿಗೆ ಜಗಳ ಆಡಿದ್ದೇನೆ, ಈಗಲೂ ಆಡುತ್ತೇನೆ. ಆದರೆ ದೋಣಿ ಹತ್ತುವ ಮೊದಲು ಇಷ್ಟು ಯೋಚಿಸಿದವರು ನಮ್ಮಲ್ಲಿ ಅವರೊಬ್ಬರೇ.

ಪಾಯಿಂಟ್ ಕುಕ್‌ನಲ್ಲಿರುವ ತಂಗಿ ಮಹಾಶ್ವೇತಾಳನ್ನು ಕರೆದುಕೊಂಡು ಅವರು ದಕ್ಷಿಣ ಆಸ್ಟ್ರೇಲಿಯಾದ ಕಡಲೂರು ಪೋರ್ಟ್ ಲಿಂಕನ್‌ಗೆ ಹೋದರು. ಬೆಳಿಗ್ಗೆ ಹೊರಟ ದೋಣಿ ದೂರದ ದ್ವೀಪಗಳ ಬಳಿ ಲಂಗರು ಹಾಕಿತು. ಬಿಗಿಯಾದ ರಬ್ಬರ್ ಉಡುಪು ಹಂಚುತ್ತಿದ್ದ ಹುಡುಗಿ ನಿಯಮ ಹೇಳಿದಳು: ಕೊರಳಲ್ಲಿ ಏನೂ ಇರಬಾರದು. ಉಸಿರಿನ ಕೊಳವೆಗೆ ದಾರ ಸಿಕ್ಕಿಕೊಂಡರೆ ಅಪಾಯ, ಬೆಳ್ಳಿ ಹೊಳೆದರೆ ಶಾರ್ಕ್ ಇನ್ನೂ ಹತ್ತಿರ ಬರಬಹುದು. ತಂಗಿಯ ಮುಖ ಬಾಡಿತು. ತಾನು ಹಿಡಿದುಕೊಂಡು ಕೂರುತ್ತೇನೆ, ಅರ್ಧ ಗಂಟೆಯ ಮಾತು, ಅಯ್ಯನವರಿಗೂ ಸಮಾಧಾನವಾಗುತ್ತದೆ ಎಂದಳು.

ರುದ್ರಾಣಿಗೆ ನಗು ಬಂತು. ಅವರ ದಿನನಿತ್ಯದ ಕೆಲಸವೇ ಅದು. ಸಿಡ್ನಿಯದೇ ಬಡಾವಣೆ ಲಿವರ್‌ಪೂಲಿನ ಒಂದು ಸ್ಕ್ಯಾನಿಂಗ್ ಕೇಂದ್ರದಲ್ಲಿ ಎಂಆರ್‌ಐ ಯಂತ್ರದ ಮುಂದೆ ನಿಂತು, ಕೊರಳಲ್ಲಿರುವುದನ್ನೆಲ್ಲ ತೆಗೆಯಿರಿ ಎಂದು ಅವರು ಎಷ್ಟು ಜನರಿಗೆ ಹೇಳಿದ್ದಾರೋ. ಒಮ್ಮೆ ಹುಬ್ಬಳ್ಳಿಯ ಗೌರಕ್ಕ ಎಂಬ ಅಜ್ಜಿ ಮೊಣಕಾಲಿನ ಸ್ಕ್ಯಾನ್‌ಗೆ ಬಂದು, ಲಿಂಗ ತೆಗೆಯುವುದಾದರೆ ಕಾಲು ಹೀಗೇ ಇರಲಿ ಎಂದು ಕೂತುಬಿಟ್ಟಿದ್ದರು. ಆಗ ರುದ್ರಾಣಿ ಕರಡಿಗೆಯಿಂದ ಲಿಂಗವನ್ನು ಅಜ್ಜಿಯ ಕೈಯಿಂದಲೇ ತೆಗೆಸಿ, ಲೋಹವಿಲ್ಲವೆಂದು ಖಾತ್ರಿ ಮಾಡಿಕೊಂಡು, ಬಿಳಿ ವಸ್ತ್ರದಲ್ಲಿ ಸುತ್ತಿ ತೋಳಿಗೆ ಕಟ್ಟಿದ್ದರು. ಹೊಕ್ಕುಳ ಕೆಳಗೆ ಇಳಿಯಬಾರದು, ಮೈ ಬಿಡಬಾರದು, ಅಷ್ಟೇ ತಾನೆ? ಬೆಳ್ಳಿಯ ಪೆಟ್ಟಿಗೆ ಅಕ್ಕಸಾಲಿಗ ಮಾಡಿದ್ದು. ಅದಕ್ಕೆ ಯಾರೂ ದೀಕ್ಷೆ ಕೊಟ್ಟಿಲ್ಲ.

ದೋಣಿಯಲ್ಲೂ ಅದನ್ನೇ ಮಾಡಿದರು. ಖಾಲಿ ಕರಡಿಗೆಯನ್ನು ತಂಗಿಯ ಕೈಗಿಟ್ಟರು. ವಸ್ತ್ರದಲ್ಲಿ ಸುತ್ತಿದ ಲಿಂಗ ಎಡತೋಳಿಗೆ ಬಂತು, ಅದರ ಮೇಲೆ ರಬ್ಬರ್ ಉಡುಪಿನ ತೋಳು. ದೋಣಿಯ ಹುಡುಗಿ ಮುಟ್ಟಿ ನೋಡಿ, ದಾರವಿಲ್ಲ, ಹೊಳಪಿಲ್ಲ, ಇಳಿಯಬಹುದು ಎಂದಳು.

ನೀರು ಎಲುಬು ಕೊರೆಯುವಷ್ಟು ತಣ್ಣಗಿತ್ತಂತೆ. ಪಂಜರದ ಸರಳು ಹಿಡಿದು ನಿಂತರು. ಬಹಳ ಹೊತ್ತು ಬರೀ ಹಸಿರು, ದೂರದಲ್ಲಿ ಸಂಗೀತದ ಗುದ್ದು. ಆಮೇಲೆ ಹಸಿರಿನ ಒಂದು ಕಡೆ ದಟ್ಟವಾಯಿತು. ಅದು ಅವಸರವಿಲ್ಲದೆ ಬಂತು. ದೋಣಿಯ ಅರ್ಧದಷ್ಟು ಉದ್ದದ ಮೈ, ಬಿಳಿ ಹೊಟ್ಟೆ, ಕಪ್ಪು ಕಣ್ಣು. ಸರಳಿನಾಚೆ ಒಂದು ಮಾರು ದೂರದಲ್ಲಿ ಅವರನ್ನು ನೋಡುತ್ತ ಹಾದುಹೋಯಿತು. ಬಲಗೈ ತಾನಾಗಿ ಎಡತೋಳಿನ ಮೇಲೆ ಹೋಗಿತ್ತು. ಪೂಜೆಯಲ್ಲಿ ಲಿಂಗವನ್ನು ಅಂಗೈಯಲ್ಲಿಟ್ಟು ದಿಟ್ಟಿಸುವಾಗ ಉಸಿರು ನಿಧಾನವಾಗುತ್ತದಲ್ಲ, ಹಾಗೇ ಆಯಿತು ಎಂದು ನನಗೆ ಹೇಳಿದರು.

ಮರುವಾರವೇ ಪಾಯಿಂಟ್ ಕುಕ್‌ನ ಕೂಟ. ಅಯ್ಯನವರು ಬೇಡವೆಂದಿದ್ದರೂ ರುದ್ರಾಣಿ ಎಂದಿನಂತೆ ಚಾಪೆ ಹಾಸುತ್ತಿದ್ದರು. ಪಂಚಾಕ್ಷರಯ್ಯನವರು ಎಲ್ಲರೆದುರು ಬಂದು, ಲಿಂಗಕ್ಕೆ ಮೊದಲು ಶುದ್ಧಿಯಾಗಲಿ ಎಂದರು. ಸುತ್ತಲಿನವರು ತಲೆಯಾಡಿಸಿದರು.

"ಅಯ್ಯಾರ, ಅದು ನನ್ನ ಮೈ ಬಿಟ್ಟಿಲ್ಲ. ಶುದ್ಧ ಮಾಡೂದಿದ್ರ ನನ್ನ ಮಾಡಬೇಕು. ನಾ ಅಂತೂ ಮುಂಜಾನೆ ಜಳಕಾ ಮಾಡೇನಿ" ಎಂದರು ರುದ್ರಾಣಿ. ದನಿ ಏರಲಿಲ್ಲ. "ಇಲ್ಲಿ ಯಾರ ಮೈಮ್ಯಾಲೆ ಲಿಂಗ ಐತೋ ಅವರು ಬಂದು ಈ ಚಾಪಿ ಮ್ಯಾಲೆ ಕೂಡ್ರಲಿ. ನಾ ಏಳ್ತೀನಿ."

ಕೆಲವರ ಕೈ ತಮ್ಮ ಕಾಲರಿನತ್ತ ಹೋಗಿ ಖಾಲಿ ಮರಳಿದ್ದನ್ನು ನಾನು ನೋಡಿದೆ. ಯಾರೂ ಮುಂದೆ ಬರಲಿಲ್ಲ. ಅಯ್ಯನವರ ಕೊರಳಲ್ಲಿ ಇತ್ತು, ಅದು ನಿಜ. ಅವರು ಸುತ್ತಲೂ ನೋಡಿದರು. ಎಷ್ಟು ಜನರಿಗೆ ತಾವೇ ಕೈಯಾರೆ ಕಟ್ಟಿದ್ದರೋ. ಆಮೇಲೆ ಚಾಪೆಯ ಇನ್ನೊಂದು ತುದಿ ಹಿಡಿದು ಸರಿಮಾಡಿದರು. ರುದ್ರಾಣಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಮಕ್ಕಳಿಗೆ ಪಾಠ ಶುರುಮಾಡಿದರು.

ಊಟದ ಸಾಲಿನಲ್ಲಿ, ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದ್ದವರೊಬ್ಬರು ಅವರ ಹಿಂದೆ ಬಂದು ನಿಂತರು. ಹೆಸರು ಬೇಡ.

"ಅಕ್ಕಾರ, ಏರ್‌ಪೋರ್ಟಿನ್ಯಾಗ ತಗದಿದ್ದು ನಂದು, ಕಪಾಟಿನ್ಯಾಗ ಐತಿ. ಆ ತೋಳಿಗೆ ಕಟ್ಟೂದು ಹೆಂಗ?"

ರುದ್ರಾಣಿ ರೊಟ್ಟಿಯ ತಟ್ಟೆಯನ್ನು ಅವರ ಕೈಗೇ ಕೊಟ್ಟು, ಸೆರಗಿನ ತುದಿ ಹಿಡಿದು, ಸುತ್ತುವುದು ಹೇಗೆಂದು ತೋರಿಸತೊಡಗಿದರು.