ಸೈಕಲ್ಲಿಗೆ ಮುಚ್ಚಿದ ರಸ್ತೆ

ಸರಮಾ ನಸ್ಕರ್ ದಿನಾ ಬೆಳಿಗ್ಗೆ ಸೈಕಲ್ಲಿನ ಹ್ಯಾಂಡಲ್ ಮುಟ್ಟಿ ಕಣ್ಣಿಗೊತ್ತಿಕೊಂಡು, ಕಾಳಿ ತಾಯಿಯ ಹೆಸರು ಹೇಳಿಯೇ ಹೊರಡುವವಳು. ಕೊರೊನಾ ಬಂದು ಲೋಕಲ್ ರೈಲು ನಿಂತಾಗ, ನಲವತ್ತು ದಾಟಿದ ಮೇಲೆ ಸೈಕಲ್ ಕಲಿತಳು. ಕಲ್ಕತ್ತೆಯ ಮನೆಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುವ ನಾವು ನಾಲ್ವರು ಆಗಿನಿಂದ ಒಟ್ಟಿಗೇ ಹೋಗುತ್ತೇವೆ. ಒಬ್ಬಳ ಚೈನು ಕಳಚಿದರೆ ಉಳಿದವರೂ ನಿಲ್ಲುತ್ತೇವೆ.

ಹೊಗೆಯಿಲ್ಲದ ಸವಾರಿ ಎಂದು ಆಗ ಎಲ್ಲರೂ ನಮ್ಮನ್ನು ಹೊಗಳಿದರು. ಕಾಯಿಲೆ ಇಳಿದ ಮೇಲೆ ಕಾರುಗಳು ಹೆಚ್ಚಿ, ಮೊದಲಿದ್ದ ಹಾಗೆಯೇ ದೊಡ್ಡ ರಸ್ತೆಯಲ್ಲಿ ಪೊಲೀಸರು ಸೈಕಲ್ಲಿಗೆ ಮತ್ತೆ ತಡೆ ಹಾಕಿದರು. ನಾವು ಗಲ್ಲಿ ಹಿಡಿದೆವು.

ಆ ಸೋಮವಾರ ಗಲ್ಲಿಯನ್ನು ಅಗೆದಿದ್ದರು. ಬೇರೆ ದಾರಿ ಕಾಣದೆ ದೊಡ್ಡ ರಸ್ತೆಗಿಳಿದೆವು. ಟ್ರಾಫಿಕ್ ಪೊಲೀಸ್ ಸಾರ್ಜೆಂಟ್ ಹಿಡಿದೇಬಿಟ್ಟ.

ಸರಮಾ ನೋಡಿಕೊಳ್ಳುವ ಮುದುಕಿ ಹಾಸಿಗೆ ಬಿಟ್ಟು ಏಳಲಾರಳು. ಇನ್ನೊಮ್ಮೆ ತಡವಾದರೆ ಬೇರೆಯವಳನ್ನು ಇಟ್ಟುಕೊಳ್ಳುತ್ತೇವೆ ಎಂದು ಮನೆಯವರು ಹೇಳಿದ್ದರು.

"ನಾಲ್ಕೂ ಸೈಕಲ್ ಠಾಣೆಗೆ," ಎಂದ ಸಾರ್ಜೆಂಟ್ ಸರಮಾಳ ಮುಖ ನೋಡಿ ಮಾತು ನಿಲ್ಲಿಸಿದ. "ಅರೆ, ಸರಮಾ ಮಾಸಿ! ಕೊರೊನಾದಲ್ಲಿ ನಮ್ಮಮ್ಮನ್ನ ನೋಡ್ಕೊಂಡೋರು ನೀವೇ ಅಲ್ವಾ?"

"ಹೌದಪ್ಪ. ಅಮ್ಮ ಈಗ್ಲೂ ಮಾತ್ರೆ ಉಗೀತಾರಾ?"

ಅವನು ನಕ್ಕುಬಿಟ್ಟ. ಆಮೇಲೆ ದನಿ ತಗ್ಗಿಸಿದ. "ನೀವು ಹೊರಡಿ ಮಾಸಿ. ನಾನು ನೋಡೇ ಇಲ್ಲ."

"ಮತ್ತೆ ಇವ್ರು?"

"ಎಲ್ಲರನ್ನೂ ಬಿಟ್ರೆ ಮೇಲಿನೋರು ನನ್ನನ್ನ ಕೇಳ್ತಾರೆ."

ನಮ್ಮ ಜೊತೆಯ ಪಾರುಲ್ ಸಿಡುಕಿದಳು. "ಹೋಗು ದೀದಿ! ಇವತ್ತು ನಿಂತ್ರೆ ನಿನ್ನ ಕೆಲ್ಸ ಹೋಗತ್ತೆ."

ಸರಮಾ ಒಂದು ಕ್ಷಣ ರಸ್ತೆಯುದ್ದಕ್ಕೂ ನೋಡಿದಳು. ಆಮೇಲೆ ಸೈಕಲ್ಲನ್ನು ನಮ್ಮ ಸೈಕಲ್ಲುಗಳ ಪಕ್ಕಕ್ಕೆ ತಂದು ಸ್ಟ್ಯಾಂಡ್ ಹಾಕಿದಳು.

"ಬೇಡಪ್ಪ. ನಂದನ್ನೂ ಸೇರಿಸಿ ಬರ್ಕೋ. ನಾವು ನಡ್ಕೊಂಡು ಹೋಗ್ತೀವಿ."