ಸೀಟಿ ಊದದ ಆಟ

ಹರಳೆಣ್ಣೆ ಸವರಿದ ತೊಗಲಿನ ವಾಸನೆ ಮೂಗಿಗೆ ಬಿದ್ದಾಗಲೆಲ್ಲ, ನಮ್ಮ ತಾತ ಹೇಳುವ ಕಥೆ ನಿಜವಲ್ಲ ಎಂದು ನನಗೆ ಇನ್ನೊಮ್ಮೆ ಖಾತ್ರಿಯಾಗುತ್ತದೆ. ಮೊನ್ನೆ ಬೆಂಗಳೂರಿನ ನಮ್ಮ ಕಾಲೇಜಿನ ಹಿತ್ತಲಲ್ಲಿ ಜವಾನ ಹಳೆಯ ಚೆಂಡೊಂದಕ್ಕೆ ಎಣ್ಣೆ ಉಜ್ಜುತ್ತ ಕೂತಿದ್ದ. ಚರ್ಚಾಸ್ಪರ್ಧೆಗೆ ಹೊರಟಿದ್ದವಳು ಅಲ್ಲೇ ನಿಂತುಬಿಟ್ಟೆ. ತಾತನ ಆ ಕಥೆ ಬಂಗಾರಪೇಟೆಯ ಸುತ್ತಿನ ನಮ್ಮ ನೆಂಟರಿಗೆಲ್ಲ ಬಾಯಿಪಾಠ. ಮದುವೆಮನೆಯಲ್ಲಿ ಊಟವಾಗಿ ಎಲೆಅಡಿಕೆ ಕೈಗೆ ಬಂದರೆ ಸಾಕು, ಶುರು. "ನಮ್ ಮುನಿಗೆ ನೆಲ ನಡುಗಿದ್ದೇ ತಿಳೀಲಿಲ್ಲ ಕಣ್ಲಾ. ಊರಿಗೂರೇ ಓಡ್ತೈತೆ, ಇವ್ನು ಚೆಂಡು ಬಿಟ್ಟು ಕಣ್ಣೆತ್ತಿಲ್ಲ. ಗ್ಯಾನ ಅಂದ್ರೆ ಅದು." ಕೇಳಿದವರು ತಲೆದೂಗುತ್ತಾರೆ. ಮುನಿ ಎಂದರೆ ಮುನಿವೆಂಕಟ, ನನ್ನ ಅಣ್ಣ. ಚಿನ್ನದ ಗಣಿಯ ಲೈನಿನಲ್ಲಿ ಬೆಳೆದವನಿಗೆ ನೆಲ ನಡುಗಿದ್ದು ತಿಳಿಯಲಿಲ್ಲ ಎನ್ನುವುದೂ ಒಂದೇ, ಕೆರೆಯ ಮೀನಿಗೆ ನೀರು ಬತ್ತಿದ್ದು ತಿಳಿಯಲಿಲ್ಲ ಎನ್ನುವುದೂ ಒಂದೇ.

ಆಗ ನಾವಿದ್ದದ್ದು ನಂದಿದುರ್ಗ ಗಣಿಯ ಲೈನಿನಲ್ಲಿ, ಗಣಿಯಾಳುಗಳ ಸಾಲುಮನೆಯಲ್ಲಿ. ಬಿದಿರುತಟ್ಟಿಯ ಗೋಡೆ, ತಗಡಿನ ಸೂರು, ಒಂದೇ ಕೋಣೆ. ತಟ್ಟಿಯ ಆಚೆ ಸೆಲ್ವನ ಮನೆ. ಅವರ ಒಗ್ಗರಣೆಗೆ ನಮಗೆ ಸೀನು, ನಮ್ಮಮ್ಮನ ಬೈಗುಳಕ್ಕೆ ಅವರಿಗೆ ನಗು. ಅಣ್ಣನೂ ಸೆಲ್ವನೂ ಆ ತಟ್ಟಿಯ ಎರಡು ಬದಿಯಲ್ಲಿ ಮಲಗಿ, ಒಬ್ಬ ತಮಿಳಿನಲ್ಲಿ ಒಬ್ಬ ಕನ್ನಡದಲ್ಲಿ, ನಿದ್ದೆ ಬರುವ ತನಕ ಮಾತಾಡುತ್ತಿದ್ದರು. ಗಣಿಯ ಆಳದಲ್ಲಿ ಎಲ್ಲೋ ಬಂಡೆ ಸಿಡಿದು ಕುಸಿದರೆ ಮೊದಲು ಗೂಡಿನ ಲೋಟಗಳು ಗಲಗಲ ಎನ್ನುತ್ತಿದ್ದವು, ಆಮೇಲೆ ಅಂಗಾಲಿನಿಂದ ಎದೆಗೆ ಏನೋ ಹತ್ತಿದ ಹಾಗಾಗುತ್ತಿತ್ತು. ಅಮ್ಮ ಒಲೆಯ ಕೊಳ್ಳಿಗೆ ನೀರು ಚಿಮುಕಿಸಿ, ನನ್ನ ಕೈ ಹಿಡಿದು, ಆಳುಗಳು ಗಣಿಗಿಳಿಯುವ ಶಾಫ್ಟಿನ ಬಾಯಿಗೆ ಓಡುತ್ತಿದ್ದಳು. ಅಪ್ಪ ಆ ಪಾಳಿಯಲ್ಲಿ ಕೆಳಗಿದ್ದರೂ ಸರಿ, ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದರೂ ಸರಿ. ಅದು ಲೈನಿನ ಕಟ್ಟಳೆ. ಅಲ್ಲಿಗೆ ಹೋಗಿ ಮಾಡುವುದೇನೂ ಇರಲಿಲ್ಲ, ಸುಮ್ಮನೆ ನಿಲ್ಲುವುದು. ಕೆಳಗಿದ್ದವರನ್ನು ಹೊತ್ತ ಕೇಜು ಮೇಲೆ ಬರುವವರೆಗೆ ಯಾರ ಹೆಂಡತಿಯೂ ಯಾರ ಮಗನೂ ಒಂಟಿಯಾಗಿ ಕಾಯಬಾರದು, ಅಷ್ಟೆ. ನಮ್ಮವರ್ಯಾರೂ ಕೆಳಗಿಲ್ಲವಲ್ಲ, ಯಾಕೆ ಹೋಗಬೇಕು ಎಂದು ನಾನೊಮ್ಮೆ ವಾದ ಹೂಡಿದ್ದೆ. "ನಿಂಗೆ ಬಾಯಿ ಜಾಸ್ತಿ ಕಣೇ. ಕಾಲೆತ್ತು" ಎಂದಿದ್ದಳು ಅಮ್ಮ.

ನಮ್ಮ ಹೈಸ್ಕೂಲಿನ ಹಿಂದೆ, ಗಣಿಯ ಹಳೇ ದಿಮ್ಮಿಗಳನ್ನು ನೆಟ್ಟು, ಪೀಪಾಯಿಯ ಕಬ್ಬಿಣದ ಬಳೆ ಬಡಿದು, ಡ್ರಿಲ್ ಮೇಷ್ಟ್ರು ಬ್ಯಾಸ್ಕೆಟ್‌ಬಾಲ್ ಅಂಗಳ ಮಾಡಿದ್ದರು. ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿಯುವ ಬಿಳಿ ಹುಡಿಮಣ್ಣನ್ನೇ ನೆಲಕ್ಕೆ ಬಡಿದದ್ದು. ಗಾಳಿಯೆದ್ದರೆ ಹುಡುಗರೆಲ್ಲ ಅಕ್ಕಿಹಿಟ್ಟಿನಲ್ಲಿ ಹೊರಳಿದವರಂತೆ ಕಾಣುತ್ತಿದ್ದರು. ಇದ್ದದ್ದು ಒಂದೇ ಚೆಂಡು. ಹೊಲಿಗೆಯೊಳಗೆ ಹುಡಿ ಕೂತರೆ ತೊಗಲು ಬಿರಿಯುತ್ತದೆಂದು, ಆಟ ನಿಂತಾಗ ಅದನ್ನು ನೆಲಕ್ಕೆ ಬಿಡುವಂತಿರಲಿಲ್ಲ. ಅಂಗಳ ಬಿಡುವವನು ಇನ್ನೊಬ್ಬರ ಕೈಗೆ ಒಪ್ಪಿಸಿಯೇ ಹೋಗಬೇಕು. ಒಂದು ವಾರ ಸೆಲ್ವನ ಮನೆಯಲ್ಲಿ, ಒಂದು ವಾರ ನಮ್ಮ ಮನೆಯಲ್ಲಿ ಆ ಚೆಂಡಿಗೆ ಎಣ್ಣೆ ಉಜ್ಜುವ ಸೇವೆ. ನಮ್ಮ ಸರದಿಯ ವಾರ ಮುದ್ದೆಗೂ ಹರಳೆಣ್ಣೆಯ ವಾಸನೆ. ಆಟದಲ್ಲಿ ಸೆಲ್ವ ಒಂದು ಕೈ ಮೇಲು. ಇದನ್ನು ಅಣ್ಣನೇ ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದ. ಇಬ್ಬರಿಗೂ ಒಂದೇ ಆಸೆ, ಬೆಂಗಳೂರಿನ ಕಾಲೇಜಿನ ತಂಡದಲ್ಲಿ ಆಡಬೇಕು. ಆ ವರ್ಷ ಕಾಲೇಜಿನ ಆಟದ ಪ್ರೊಫೆಸರು ತಮ್ಮ ಹುಡುಗರನ್ನು ಕರೆದುಕೊಂಡು ನಮ್ಮ ಶಾಲೆಗೆ ಬರುವುದೆಂದಾಯಿತು. ಪಂದ್ಯ ನೋಡಿ ಒಬ್ಬನನ್ನು ಆರಿಸುತ್ತಾರೆ. ಅವನಿಗೆ ಸೀಟು, ಹಾಸ್ಟೆಲು, ಊಟ ಎಲ್ಲ ಕಾಲೇಜಿನದೇ. ಒಬ್ಬನಿಗೆ ಮಾತ್ರ. ಉಳಿದವನಿಗೆ ಗಣಿಯಿತ್ತು.

ಪಂದ್ಯದ ಸಂಜೆ ಅಪ್ಪ ರಾತ್ರಿಪಾಳಿಗೆ ಮುಂಚೆ ಒಗೆದ ಪಂಚೆ ಉಟ್ಟು ಅಂಗಳದ ಅಂಚಿಗೆ ಬಂದು ನಿಂತಿದ್ದರು. ಸೆಲ್ವನ ಅಪ್ಪ ಕೆಳಗಿದ್ದರು, ಹಗಲುಪಾಳಿ. ನಾನು ಕಂಬದ ಬುಡದಲ್ಲಿ ಕೂತಿದ್ದೆ. ಆಟ ಸಮಸಮವಾಗಿತ್ತು, ಮುಗಿಯಲು ಹೆಚ್ಚು ಹೊತ್ತಿರಲಿಲ್ಲ. ಚೆಂಡು ಸೆಲ್ವನ ಕೈಯಲ್ಲಿದ್ದಾಗ ಕಂಬದ ಮೇಲಿನ ಬಳೆ ತಾನಾಗಿಯೇ ಕಿಣಿಗುಟ್ಟಿತು. ಆಮೇಲೆ ನೆಲ. ನಮ್ಮ ಕಡೆಯವರೆಲ್ಲ ಒಮ್ಮೆಲೇ ತಿರುಗಿ ಶಾಫ್ಟಿನ ಕಡೆ ಓಡಿದರು. ಅಪ್ಪ ಓಡಿದರು, ಡ್ರಿಲ್ ಮೇಷ್ಟ್ರೂ ಓಡಿದರು. ಸೀಟಿ ಅವರ ಕುತ್ತಿಗೆಯಲ್ಲಿ ಜೋತಾಡುತ್ತಿತ್ತು, ಊದುವುದು ಅವರಿಗೆ ನೆನಪಾಗಲಿಲ್ಲ. ಬೆಂಗಳೂರಿನ ಹುಡುಗರು ಏನೆಂದು ತಿಳಿಯದೆ ನಿಂತಲ್ಲೇ ನಿಂತರು. ನಾನು ಅಣ್ಣ ಹೊರಡಲೆಂದು ಕಂಬದ ಬಳಿಯೇ ಕಾದೆ. ಅಷ್ಟು ಅವಸರದಲ್ಲೂ ಸೆಲ್ವ ಚೆಂಡನ್ನು ನೆಲಕ್ಕೆ ಬಿಡಲಿಲ್ಲ. ಪಕ್ಕದಲ್ಲಿದ್ದ ಅಣ್ಣನ ಕೈಗಿಟ್ಟು, ಎರಡು ಮಾತು ಹೇಳಿ ಓಡಿದ. ಅಣ್ಣ ಚೆಂಡನ್ನು ನೋಡಿದ, ಸೆಲ್ವನ ಬೆನ್ನು ನೋಡಿದ, ಬಳೆಯನ್ನು ನೋಡಿದ. ನಂತರ ತಡೆಯುವವರಿಲ್ಲದ ಅಂಗಳದಲ್ಲಿ ಚೆಂಡು ಬಡಿಯುತ್ತ ಹೋದ. ಧಪ್, ಧಪ್, ಧಪ್. ದೂರದಲ್ಲಿ ಊರಿನ ಕಾಲುಗಳ ಸದ್ದು, ಹತ್ತಿರದಲ್ಲಿ ಅದೊಂದೇ ಸದ್ದು. ಚೆಂಡು ಬಳೆಯೊಳಗಿಂದ ಇಳಿಯಿತು. ಪ್ರೊಫೆಸರು ಅಣ್ಣನ ಹೆಗಲ ಮೇಲೆ ಕೈಯಿಟ್ಟು, ಇಂಥ ತಣ್ಣನೆಯ ತಲೆ ನನಗೆ ಬೇಕು ಎಂದರು.

ಈ ವಿಷಯವನ್ನು ಚರ್ಚಾಸ್ಪರ್ಧೆಯ ವೇದಿಕೆಯ ಮೇಲೆ ಕೊಟ್ಟರೆ ಅಣ್ಣನ ಪರವಾಗಿ ನಾನು ನಿಂತು ಗೆಲ್ಲಬಲ್ಲೆ. ಸೀಟಿ ಊದಿರಲಿಲ್ಲ, ಆದ್ದರಿಂದ ಆಟ ನಡೆಯುತ್ತಿತ್ತು. ಅಪ್ಪ ಮೇಲೇ ಇದ್ದರು, ಅದನ್ನು ಅವನು ಕಣ್ಣಾರೆ ಕಂಡಿದ್ದ. ಅವನು ಓಡಿದ್ದರೆ ಕೆಳಗೆ ಒಂದು ಕಲ್ಲೂ ಕದಲುತ್ತಿರಲಿಲ್ಲ. ಎದುರಾಳಿ ಇದಕ್ಕೆಲ್ಲ ಏನು ಹೇಳಿಯಾನು? ಆದರೆ ಮಾರನೆಯ ಬೆಳಿಗ್ಗೆ ಅಪ್ಪ ಶಾಫ್ಟಿನಿಂದ ಮನೆಗೆ ಬಂದು, ಕಾಲು ತೊಳೆದು, ಗೋಡೆಗೊರಗಿ ಕೂತು ಹೇಳಿದ ಮಾತಿನೆದುರು ಈ ವಾದ ನಿಲ್ಲುವುದಿಲ್ಲ. ಸೆಲ್ವನ ಅಪ್ಪನನ್ನು ಮೇಲೆ ತಂದಾಗ ಜೀವವಿರಲಿಲ್ಲ. "ನಾನು ಸೆಲ್ವನ ಪಕ್ಕ ನಿಂತಿದ್ನಪ್ಪ" ಎಂದರು ಅಪ್ಪ. "ಮುನಿ ಎಲ್ಲಿ ಅಂತ ಕೇಳ್ದ." ಅಣ್ಣ ಉಗುರಿನಿಂದ ಚಾಪೆಯ ಎಳೆ ಕೀಳುತ್ತ, "ಮ್ಯಾಚು ಮುಗ್ದಿರ್ಲಿಲ್ಲಪ್ಪ" ಎಂದ. ತಟ್ಟಿಯ ಆಚೆಗೆ ಎಲ್ಲವೂ ಕೇಳಿಸುತ್ತಿತ್ತು.

ಯಾರೂ ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಅಮ್ಮ ಉಳಿದುಕೊಳ್ಳುತ್ತಿದ್ದಳು, ಬೈಗುಳದಲ್ಲಿ ಅವಳು ಯಾರಿಗೂ ಕಡಿಮೆಯಿರಲಿಲ್ಲ. ಬೀದಿನಲ್ಲಿಯ ಹತ್ತಿರ ಅವಳೊಡನೆ ದಿನಾ ಸರದಿಗಾಗಿ ಜಗಳವಾಡುತ್ತಿದ್ದ ಹೆಂಗಸರು ಈಗ ತಮ್ಮ ಬಿಂದಿಗೆಗಳನ್ನು ಸರಿಸಿ, "ಕಾಲೇಜಮ್ಮ ಮುಂದೆ ನೀರು ಇಡೀಲಿ" ಎಂದು ದಾರಿ ಬಿಡತೊಡಗಿದರು. ತುಂಬಿದ ಬಿಂದಿಗೆ ಹೊತ್ತು ಬರುವಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ. ಅಣ್ಣ ಬೆಂಗಳೂರಿಗೆ ಹೋದ ಮೇಲೆ, ಅವಳೇ ಹಟ ಹಿಡಿದು ನಮ್ಮನ್ನು ತಾತನ ಊರಿಗೆ ಕರೆತಂದಳು. ಅಪ್ಪ ಬಂಗಾರಪೇಟೆಯಿಂದ ರೈಲಿನಲ್ಲಿ ಗಣಿಗೆ ಹೋಗಿಬರತೊಡಗಿದರು. ಮೊಮ್ಮಗ ಓದಿದನಲ್ಲ ಎಂಬ ಹಮ್ಮಿನಲ್ಲೇ ತಾತ ನನ್ನ ಓದಿಗೂ ತಲೆಯಾಡಿಸಿದರು. ನನ್ನ ವಾದದ ನಾಲಿಗೆಗೆ ಸಾಣೆ ಹಿಡಿದದ್ದೂ ಅದೇ ಚೆಂಡು. ಬಹುಮಾನ ತೆಗೆದುಕೊಳ್ಳಲು ವೇದಿಕೆ ಹತ್ತಿದಾಗ ಚಪ್ಪಾಳೆಯ ನಡುವೆ ನನಗೆ ಆ ಧಪ್ ಧಪ್ ಕೇಳಿಸುತ್ತದೆ, ಮತ್ತು ನಾನು ತಲೆ ಎತ್ತುವುದಿಲ್ಲ.

ಸೆಲ್ವ ಅಪ್ಪನ ಜಾಗದಲ್ಲಿ ಗಣಿಗೆ ಇಳಿದ. ಮೊದಲ ದಸರೆ ರಜೆಯಲ್ಲಿ ಅಣ್ಣನೂ ನಾನೂ ಲೈನಿಗೆ ಹೋಗಿದ್ದಾಗ ಪಾಳಿ ಮುಗಿಸಿ ಎದುರಿಗೇ ಬಂದ, ಹುಬ್ಬಿನ ಮೇಲೆಲ್ಲ ಹುಡಿ. ಕಾಲೇಜಿನ ಅಂಗಿ ತೊಟ್ಟ ಅಣ್ಣನನ್ನು ನೋಡಿ, ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, "ಚೆನ್ನಾಗಿದೀರಾ ಸಾರ್?" ಎಂದ. ಹಂಗಿಸಿದ್ದಲ್ಲ, ನಿಜವಾಗಿಯೇ ಕೇಳಿದ್ದು. ಅಣ್ಣ ಹೂಂ ಎಂದ. ಅದಾದ ಮೇಲೆ ನಾವು ಆ ಕಡೆ ಹೋಗಲಿಲ್ಲ. ಈಗ ಹೋದರೂ ನೋಡುವುದಕ್ಕೇನೂ ಇಲ್ಲ. ನಮ್ಮ ಸಾಲನ್ನು ಕಿತ್ತಿದ್ದಾರಂತೆ, ಬಿಳಿ ಹುಡಿಯ ಗುಡ್ಡ ಬೆಳೆಯುತ್ತ ಬಂದು ಅಂಗಳವನ್ನೂ ನುಂಗಿದೆಯಂತೆ. ತಟ್ಟಿಯಾಚೆಯ ಒಗ್ಗರಣೆಗೆ ಸೀನುತ್ತ ಬೆಳೆದವರಿಗೆ, ಆಮೇಲಿನ ಕಲ್ಲುಗೋಡೆಯ ಮನೆಗಳೆಲ್ಲ ಎಷ್ಟು ನಿಶ್ಶಬ್ದವೆಂದು ಹೇಳಿ ತಿಳಿಯುವುದಲ್ಲ.

ತಾತ ಕಥೆ ಹೇಳುವಾಗ ಅಣ್ಣ ಅಲ್ಲೇ ಇದ್ದರೆ ಎದ್ದು ಕೈ ತೊಳೆಯಲು ಹೋಗುತ್ತಾನೆ. ಭಾನುವಾರಗಳಲ್ಲಿ ಕಡ್ಲೆಪುರಿ ಹಿಡಿದು ನನ್ನನ್ನು ನೋಡಲು ಬರುತ್ತಾನೆ. ಎಲ್ಲದಕ್ಕೂ ಎದುರುತ್ತರ ಕೊಡುವ ನಾನು ಇದೊಂದನ್ನು ಅವನೆದುರು ಬಾಯಿಬಿಟ್ಟು ಕೇಳಿಲ್ಲ. ಕಂಬದ ಬುಡದಲ್ಲಿ ನಾನು ಕೂತಿದ್ದೆ, ಅವರಿಬ್ಬರಿಗಿಂತ ದೂರದಲ್ಲಿ. ಆ ಎರಡು ಮಾತು ನನಗೆ ಸ್ಪಷ್ಟವಾಗಿ ಕೇಳಿತ್ತು. ಅಣ್ಣಾ, ಚೆಂಡು ನಿನ್ನ ಕೈಗಿಡುವಾಗ ಸೆಲ್ವ "ವಾಡಾ, ಓಗೋಣ" ಅಂದನಲ್ಲ, ಬಾರೋ ಅಂತ ನಿನ್ನನ್ನೂ ಕರೆದನಲ್ಲ, ಅದು ನಿನಗೆ ಕೇಳಿಸಿತ್ತಾ?