ಸಾಹೇಬರ ಸೆಂಟು, ಬೋನಾಳದ ಮರಿ

ಏಕೀಕರಣವಾದ ಹೊಸತರಲ್ಲಿ ನಾನು ಸುರಪುರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಕುರಿ ತಳಿ ಸುಧಾರಿಸಲೆಂದು ದಕ್ಷಿಣದ ಕಡೆಯಿಂದ ಒಬ್ಬ ಅಧಿಕಾರಿ ಬಂದರು. ಕುರಿಯ ವಾಸನೆಯೆಂದರೆ ಮೂಗು ಮುಚ್ಚಿಕೊಳ್ಳುವ ಮನುಷ್ಯ. ಜೇಬಿನಲ್ಲಿ ಸದಾ ವಿಲಾಯಿತಿ ಸೆಂಟಿನ ಸೀಸೆ.

ಜೀಪಿನಲ್ಲಿ ಅವರ ಹಿಂದೆ ಕೂತು ಕೂತು ಆ ಸೆಂಟು ನನಗೆ ಬಾಯಿಪಾಠವಾಗಿತ್ತು. ಹಚ್ಚಿದ ಕೂಡಲೇ ನಿಂಬೆ ಸಿಪ್ಪೆ ಹಿಂಡಿದ ಹಾಗೆ ಚುರುಕು. ಶಹಾಪುರದ ಕಡೆ ಹೊರಟರೆ ಅರ್ಧ ದಾರಿಯಲ್ಲೇ ಅದು ಹಾರಿಹೋಗಿ, ಅಂಗೈಯಲ್ಲಿ ತಿಕ್ಕಿದ ಹಸಿ ಎಲೆಯ ಕಂಪು. ಬಿಸಿಲೇರಿದ ಮೇಲೆ ಬಡಿಗೇರ ಆಗತಾನೆ ಹೆರೆದ ಹಲಗೆಯ ವಾಸನೆ. ಅದು ಸಂಜೆಯವರೆಗೂ ಬಿಡುತ್ತಿರಲಿಲ್ಲ. ಚೆಂದದ ವಾಸನೆಯೇ, ಸುಳ್ಳು ಹೇಳಬಾರದು. ಹಚ್ಚಿಕೊಂಡವರ ಯೋಗ್ಯತೆಗೆ ಮೀರಿದ್ದು.

ಒಂದು ಬೆಳಿಗ್ಗೆ ಬೋನಾಳಕ್ಕೆ ಹೋದೆವು. ಕೆರೆಯ ದಂಡೆಯಲ್ಲಿ ಒಬ್ಬ ಮುದುಕಿಯ ಹಟ್ಟಿ. ಅಂದೇ ಒಂದು ಕುರಿ ಈದಿತ್ತು. ಸಾಹೇಬರು ಕೈಗೂ ಕರವಸ್ತ್ರಕ್ಕೂ ಸೆಂಟು ಸುರಿದುಕೊಂಡು, ಮರಿಯನ್ನು ಎದೆಗವಚಿ ಫೋಟೋ ತೆಗೆಸಿಕೊಂಡರು. ಕೆಳಗಿಳಿಸಿದಾಗ ಅದು ತಾಯಿಯ ಕೆಚ್ಚಲಿಗೆ ಓಡಿತು. ತಾಯಿ ಮೂಸಿ ನೋಡಿ, ಹಣೆಯಿಂದ ಗುದ್ದಿ ಕೆಡವಿತು.

“ಮರಿ ಮೈವಾಸನಿ ಬದ್ಲಾಗೇತ್ರಿ. ತಾಯಿ ಒಲ್ಲೆ ಅನ್ನಾಕತ್ತೈತಿ” ಎಂದಳು ಮುದುಕಿ.

“ಏನಂತಾಳ್ರೀ ಅವಳು?” ಎಂದು ಸಾಹೇಬರು ನನ್ನನ್ನು ಕೇಳಿದರು. ಹೇಳಿದೆ. “ಕುರಿಗೇನ್ರೀ ಗೊತ್ತು ಒಳ್ಳೇ ಸೆಂಟು” ಎಂದು ನಕ್ಕು ಜೀಪು ಹತ್ತಿದರು. ನಾನು ಹತ್ತಲಿಲ್ಲ.

ಮರಿಯನ್ನು ಬೂದಿ ಹಚ್ಚಿ ಬಿಸಿನೀರಲ್ಲಿ ತೊಳೆದೆವು. ನಿಂಬೆ ಹೋಯಿತು, ಎಲೆ ಹೋಯಿತು, ಹಲಗೆ ಮಾತ್ರ ಹಾಗೇ ಉಳಿಯಿತು. ತಾಯಿ ಮತ್ತೆ ಗುದ್ದಿತು. ಹಸಿದ ಮರಿ ಅರಚುವ ಶಕ್ತಿಯನ್ನೂ ಕಳೆದುಕೊಂಡಿತು. ಮುದುಕಿ ತಾಯಿಯದೇ ಹಾಲು ಹಿಂಡಿ, ಬಟ್ಟೆ ಅದ್ದಿ ಅದರ ಬಾಯಿಗಿಟ್ಟಳು. ಉಳಿದ ಹಾಲನ್ನು ಉಪ್ಪಿನೊಂದಿಗೆ ಅದರ ಮೈಗೆ ಬಳಿದಳು. “ಹಿಡ್ಕೋ ತಮ್ಮಾ, ಬಿಡಬ್ಯಾಡ” ಎಂದಳು. ಕುರಿಯನ್ನು ಅವುಚಿ ಹಿಡಿದೆ. ಹೊತ್ತು ಇಳಿಯುವಾಗ ಅದು ಉಪ್ಪಿನಾಸೆಗೆ ಮರಿಯನ್ನು ಒಮ್ಮೆ ನೆಕ್ಕಿತು. ಆಮೇಲೆ ನಿಲ್ಲಿಸಲೇ ಇಲ್ಲ. ಮರಿ ಮೊಲೆಗೆ ಬಾಯಿ ಹಾಕಿದಾಗ ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಮರುದಿನ ಸಾಹೇಬರು ವರದಿ ಹೇಳಿ ಬರೆಸಿದರು: ಇಲ್ಲಿನ ತಳಿಯ ಕುರಿಗಳಿಗೆ ಮರಿಗಳ ಮೇಲೆ ಮಮತೆ ಕಡಿಮೆ, ಹೊರಗಿನ ತಳಿ ತರಿಸಬೇಕು.

ನಾನು ಲೇಖನಿ ತಡೆದೆ. “ಅದು ನಿಮ್ಮ ಸೆಂಟಿನಿಂದ ಆಗಿದ್ದು ರಿ ಸಾಹೇಬ್ರ. ಸಂಜಿಗೆ ತಾಯಿ ಹಾಲು ಕುಡಿಸ್ತು.”

“ಸೆಂಟಿನ ವಿಷಯವೆಲ್ಲಾ ಸರ್ಕಾರಕ್ಕೆ ಬರೆಯೋದಲ್ಲ. ಮುಂದೆ ಬರೀರಿ.”

ಬರೆದೆ. ದುಂಡಗಿನ ಅಕ್ಷರಗಳಲ್ಲಿ, ಒಂದು ಚಿತ್ತೂ ಇಲ್ಲದಂತೆ ಬರೆದೆ. ಅವರು ಬಡ್ತಿ ಪಡೆದು ರಾಜಧಾನಿಗೆ ಹೋದರು. ಅವರ ಬಗ್ಗೆ ನನಗಿರುವ ತಾತ್ಸಾರದಲ್ಲಿ ಒಂದು ಪಾಲು ಆ ವರದಿ ಬರೆದ ಗುಮಾಸ್ತನಿಗೂ ಸೇರಬೇಕು.